ಮನೆಯೇ ಹೊರಟಾಗ

ಪ್ರವಾಸ ಹೋಗುವವರಲ್ಲಿ ಬಹುಕಾಲದಿಂದ ಎರಡು ಪಂಗಡಗಳಿವೆ. ಮನೆಯನ್ನು ಮರೆಯುವುದಕ್ಕಾಗಿ ಹೊರಡುವವರು ಒಂದು ಪಂಗಡ; ಹೋದಲ್ಲೆಲ್ಲ ಮನೆಯನ್ನೇ ನೆನೆಯುವವರು ಇನ್ನೊಂದು. ಮೊದಲನೆಯವರಿಗೆ ಹೋಟೆಲಿನ ಗಟ್ಟಿ ದಿಂಬೂ ಹೂವಿನಂತೆ ತೋರುತ್ತದೆ. ಎರಡನೆಯವರಿಗೆ ಅರಮನೆಯಂಥ ಕೊಠಡಿಯನ್ನು ಕೊಟ್ಟರೂ ಬೆಳಗಿನ ಕಾಫಿ ಮನೆಯ ಹದಕ್ಕೆ ಬಾರದಿದ್ದರೆ ದಿನವೆಲ್ಲ ಮುಖ ಸಪ್ಪಗಿರುತ್ತದೆ. ಈಚಿನ ವರ್ಷಗಳಲ್ಲಿ ಮೂರನೆಯದೊಂದು ಪಂಗಡ ಹುಟ್ಟಿಕೊಂಡಿದೆ. ಇವರು ಮನೆಯನ್ನು ಮರೆಯುವವರೂ ಅಲ್ಲ, ನೆನೆಯುವವರೂ ಅಲ್ಲ. ಮನೆಯನ್ನೇ ಜೊತೆಗೆ ಕರೆದೊಯ್ಯುವವರು.

ಹಾಸಿಗೆ, ಒಲೆ, ನೀರಿನ ತೊಟ್ಟಿ, ಪುಟ್ಟ ಶೌಚಗೃಹ ಇವೆಲ್ಲವನ್ನೂ ಒಡಲಲ್ಲಿಟ್ಟುಕೊಂಡ ಮೋಟಾರು ವಾಹನಕ್ಕೆ ಮೋಟಾರ್‌ಹೋಮ್ ಎಂದೂ ಕ್ಯಾರವಾನ್ ಎಂದೂ ಹೆಸರು. ನಾವು ಮನೆಗಾಡಿ ಎನ್ನೋಣ. ನಮ್ಮಲ್ಲಿ ಬಹುಕಾಲ ಇದು ಚಲನಚಿತ್ರ ತಾರೆಯರ ಸೊತ್ತೆಂದೇ ಜನ ತಿಳಿದಿದ್ದರು. 2021ರಲ್ಲಿ ಕೇರಳ ಸರಕಾರ ಇಂಥ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿಯೂ ಈಗ ಮನೆಗಾಡಿಗಳು ಬಾಡಿಗೆಗೆ ದೊರೆಯುತ್ತವೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಸಂಸಾರ ಕೊಡಗಿಗೋ ಚಿಕ್ಕಮಗಳೂರಿಗೋ ಕಾರವಾರದ ಕಡಲ ತೀರಕ್ಕೋ ಒಂದೇ ಸೂರಿನಡಿಯಲ್ಲಿ ಹೊರಡುವುದೆಂದರೆ ಯಾರಿಗೆ ತಾನೆ ಆಸೆಯಾಗದು?

ವಿನೋದಕ್ಕಾಗಿ ಹೀಗೆ ಮನೆ ಹೊತ್ತು ಹೊರಟವರಲ್ಲಿ ಮೊದಲಿಗರೆಂದು ಹೆಸರಾದವರು ಡಾಕ್ಟರ್ ಗಾರ್ಡನ್ ಸ್ಟೇಬಲ್ಸ್. ನೌಕಾದಳದಲ್ಲಿ ವೈದ್ಯರಾಗಿದ್ದು ನಿವೃತ್ತರಾಗಿ, ಮಕ್ಕಳಿಗಾಗಿ ಸಾಹಸದ ಕಥೆಗಳನ್ನು ಬರೆಯುತ್ತಿದ್ದ ಈ ಮಹನೀಯರು 1885ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಒಂದು ಮನೆಬಂಡಿಯನ್ನು ಕಟ್ಟಿಸಿ, ‘ವಾಂಡರರ್’ ಎಂದು ಹೆಸರಿಟ್ಟು, ಎರಡು ಕುದುರೆಗಳನ್ನು ಹೂಡಿ ಸ್ಕಾಟ್ಲೆಂಡಿನವರೆಗೆ ಪ್ರಯಾಣ ಮಾಡಿದರು. ಅವರ ಸೇವಕನೊಬ್ಬ ಮೂರು ಚಕ್ರದ ಸೈಕಲ್ಲನ್ನೇರಿ ಬಂಡಿಗಿಂತ ಮುಂದಾಗಿ ಹೋಗಿ ದಾರಿಯನ್ನು ನೋಡಿಕೊಳ್ಳುತ್ತಿದ್ದನಂತೆ. ಇಂದಿನ ಮನೆಗಾಡಿಗೆ ಕುದುರೆಗಳು ಬೇಡ. ಆದರೆ ಮುಂದಾಗಿ ಹೋಗಿ ನೋಡುವ ಆ ಸೇವಕನ ಕೆಲಸ ಮಾತ್ರ ಉಳಿದೇ ಇದೆ.

ಆ ಕೆಲಸದ ಬೆಲೆ ನಮ್ಮ ಪೂರ್ವಿಕರಿಗೆ ಚೆನ್ನಾಗಿ ತಿಳಿದಿತ್ತು. ಸರಕು ಹೇರಿದ ಬಂಡಿಗಳ ಸಾಲಿಗೆ ಅವರು ಸಾರ್ಥವೆಂದರು. ಅದನ್ನು ನಡೆಸುವವನು ಸಾರ್ಥವಾಹ. ಜಾತಕ ಕಥೆಗಳಲ್ಲಿ ಮೊಟ್ಟಮೊದಲನೆಯದಾದ ಅಪಣ್ಣಕ ಜಾತಕವು ಇಂಥ ಇಬ್ಬರು ಸಾರ್ಥವಾಹರ ಕಥೆ. ಇಬ್ಬರಿಗೂ ಐನೂರೈನೂರು ಬಂಡಿಗಳು. ದಾಟಬೇಕಾದದ್ದು ಅರವತ್ತು ಯೋಜನದ ಮರಳುಗಾಡು. ನಡುದಾರಿಯಲ್ಲಿ ಯಕ್ಷನೊಬ್ಬ ತೊಯ್ದ ಬಟ್ಟೆಯನ್ನುಟ್ಟು, ತಾವರೆಯನ್ನು ಮುಡಿದು ಎದುರಾಗಿ, ‘ಮುಂದೆ ಮಳೆ ಸುರಿಯುತ್ತಿದೆ, ಕೊಳಗಳು ತುಂಬಿವೆ, ಈ ನೀರಿನ ಹೊರೆ ನಿಮಗೇಕೆ?’ ಎನ್ನುತ್ತಾನೆ. ಮೊದಲನೆಯವನು ಆ ಮಾತನ್ನು ನಂಬಿ ಕೊಡಗಳನ್ನು ಬರಿದುಮಾಡಿಸಿ, ತನ್ನವರೆಲ್ಲರೊಡನೆ ಹಾಳಾದನು. ಎರಡನೆಯವನು ಕಣ್ಣಿಗೆ ಕಾಣದ ನೀರನ್ನು ನಂಬಲಿಲ್ಲ; ಎಲ್ಲರನ್ನೂ ದಾಟಿಸಿದನು.

ಮನೆಗಾಡಿಯ ಪ್ರವಾಸದ ಮರ್ಮ ಇಷ್ಟೇ. ಊರಿನ ಮನೆಯಲ್ಲಿ ತಳಹದಿ ಭಾರ ಹೊರುತ್ತದೆ, ಕಿಟಕಿ ಗಾಳಿಯನ್ನು ತರುತ್ತದೆ, ನಲ್ಲಿ ನೀರನ್ನು ಕೊಡುತ್ತದೆ, ಚರಂಡಿ ಕೊಳೆಯನ್ನು ಒಯ್ಯುತ್ತದೆ. ನಾವು ಇವನ್ನು ಕುರಿತು ಯೋಚಿಸುವುದೇ ಇಲ್ಲ. ಅದೇ ಮನೆಗೆ ಚಕ್ರ ಕಟ್ಟಿದೊಡನೆ ಈ ಕೆಲಸಗಳೆಲ್ಲ ನಮ್ಮ ತಲೆಯ ಮೇಲೆ ಬೀಳುತ್ತವೆ. ಆದುದರಿಂದ ಮನೆಗಾಡಿಗೆ ಬೇಕಾದವನು ಯಜಮಾನನಲ್ಲ, ಸಾರ್ಥವಾಹ. ಆತ ಗಂಡಸೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಅನೇಕ ಸಂಸಾರಗಳಲ್ಲಿ ಈ ಪದವಿಗೆ ಗೃಹಿಣಿಯೇ ಹೆಚ್ಚು ಯೋಗ್ಯಳು.

ಮೊದಲು ತೂಕದ ಮಾತು. ನಮ್ಮ ಸಹೋದ್ಯೋಗಿಯೊಬ್ಬರು ಕಳೆದ ಬೇಸಿಗೆಯಲ್ಲಿ ಇಂಥದೊಂದು ಗಾಡಿಯನ್ನು ತಂದು ಮನೆಯ ಮುಂದೆ ನಿಲ್ಲಿಸಿದಾಗ, ಅವರ ತಾಯಿಯವರು ಒಳಗಿನ ಅಡುಗೆಕಟ್ಟೆಯನ್ನು ಕಂಡು ಬಹಳ ಸಂತೋಷಪಟ್ಟರು. ಅಕ್ಕಿಯ ಚೀಲ, ಎರಡು ಕುಕ್ಕರು, ಇಡ್ಲಿಪಾತ್ರೆ, ಉಪ್ಪಿನಕಾಯಿಯ ಜಾಡಿ ಒಳಗೆ ಬಂದುವು. ಕೊನೆಗೆ ಒರಳುಕಲ್ಲೂ ಬಾಗಿಲಿಗೆ ಬಂದಿತು. “ಅಮ್ಮಾ, ಇದು ಯಾತಕ್ಕೆ?” ಎಂದು ಮಗ ಕೇಳಿದರೆ, “ಅಡುಗೆಮನೆಯೇ ಬರುತ್ತಂತೆ, ಒರಳು ಬೇಡ್ವೇನೋ?” ಎಂದರಂತೆ. ಅವರ ತರ್ಕದಲ್ಲಿ ಲೋಪವಿಲ್ಲ. ಲೋಪವಿರುವುದು ಗಾಡಿಯ ಶಕ್ತಿಯಲ್ಲಿ. ವಾಹನದ ನೋಂದಣಿ ಪತ್ರದಲ್ಲಿ ಖಾಲಿ ತೂಕ ಮತ್ತು ಒಟ್ಟು ತೂಕದ ಮಿತಿ ಎಂಬ ಎರಡು ಅಂಕಿಗಳನ್ನು ನೋಡಿರಿ. ಅವುಗಳ ನಡುವಣ ಅಂತರವೇ ನಿಮ್ಮ ಪಾಲು. ಒಂದು ಲೀಟರು ನೀರು ಒಂದು ಕಿಲೋ ತೂಗುತ್ತದೆ. 150 ಲೀಟರಿನ ತೊಟ್ಟಿ ತುಂಬಿ, ಸರಾಸರಿ 60 ಕಿಲೋ ತೂಗುವ ಆರು ಮಂದಿ ಕುಳಿತರೆ, ಒಂದು ಪೆಟ್ಟಿಗೆಯನ್ನೂ ಇಡುವ ಮುನ್ನವೇ 510 ಕಿಲೋ ಏರಿತು. ಸಾಮಾನು ತುಂಬಿದ ಮೇಲೆ ಹೆದ್ದಾರಿಯ ಬದಿಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಹೋಗಿ ಒಮ್ಮೆ ತೂಗಿಸುವುದು ಒಳಿತು. ಭಾರವಾದ ವಸ್ತುಗಳು ಕೆಳಗೆ, ಮುಂದಿನ ಹಿಂದಿನ ಚಕ್ರಗಳ ನಡುವೆ ಇರಲಿ. ಹಗುರವಾದವು ಮಾತ್ರ ಮೇಲಿನ ಗೂಡುಗಳಿಗೆ.

ಟೈರುಗಳನ್ನು ನೋಡುವಾಗ ಸವೆತವನ್ನಷ್ಟೇ ನೋಡಿದರೆ ಸಾಲದು. ಮನೆಗಾಡಿಗಳು ನಿಂತಲ್ಲೇ ಹೆಚ್ಚು ಕಾಲ ಕಳೆಯುವುದರಿಂದ ಟೈರು ಸವೆಯದೆಯೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತೊಂದಿರುತ್ತದೆ: 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಪಕ್ಕದಲ್ಲಿ ಬಿರುಕುಗಳು ಕಂಡರೆ ಬಾಡಿಗೆಯವರು ಏನೇ ಹೇಳಲಿ, ಬೇರೆ ಗಾಡಿಯನ್ನು ಕೇಳಿರಿ.

ಇನ್ನು ಎತ್ತರ. ಕಾರು ನಡೆಸಿ ಪಳಗಿದವರಿಗೆ ತಲೆಯ ಮೇಲೆ ಏನಿದೆಯೆಂದು ನೋಡುವ ಅಭ್ಯಾಸವಿರುವುದಿಲ್ಲ. ಗಾಡಿಯ ಎತ್ತರವನ್ನು, ಮೇಲಿನ ಎಸಿ ಯಂತ್ರವನ್ನೂ ಸೇರಿಸಿ ಅಳೆದು, ಅಂಕಿಯನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಚಾಲಕನ ಕಣ್ಣೆದುರಿಗೆ ಅಂಟಿಸಿರಿ. ರೈಲ್ವೆ ಕೆಳಸೇತುವೆಗಳು, ಪೆಟ್ರೋಲ್ ಬಂಕಿನ ಸೂರು, ಹಳ್ಳಿಯ ಬೀದಿಗೆ ಅಡ್ಡವಾಗಿ ಜೋತ ವಿದ್ಯುತ್ ತಂತಿ, ಆಲದ ಮರದ ಕೊಂಬೆ ಇವೆಲ್ಲ ಆ ಅಂಕಿಯೊಡನೆ ಹೋಲಿಸಿ ನೋಡಬೇಕಾದವು. ಗಾಡಿ ಬಲಕ್ಕೆ ತಿರುಗುವಾಗ ಅದರ ಹಿಂಭಾಗ ಎಡಕ್ಕೆ ಬೀಸುತ್ತದೆಂಬುದೂ ನೆನಪಿರಲಿ. ಹಿಂದಕ್ಕೆ ತೆಗೆಯುವಾಗ ಒಬ್ಬರು ಕೆಳಗಿಳಿದು, ಚಾಲಕನ ಕನ್ನಡಿಯಲ್ಲಿ ತಾವು ಕಾಣುವಂತೆ ನಿಂತು ದಾರಿ ತೋರಿಸಲೇಬೇಕು. ಸ್ಟೇಬಲ್ಸರ ಸೇವಕ ಮಾಡುತ್ತಿದ್ದುದೂ ಇದನ್ನೇ.

ನಮ್ಮ ನಾಡಿನಲ್ಲಿ ಮಲೆನಾಡು ಕರಾವಳಿಗಳ ಪ್ರವಾಸವೆಂದರೆ ಘಟ್ಟ ಇಳಿಯಲೇಬೇಕು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಸಿನಗುಡಿಯಿಂದ ಉದಕಮಂಡಲಕ್ಕೆ ಹೋಗುವ ಕಲ್ಲಟ್ಟಿಯ ದಾರಿಯಲ್ಲಿ 36. ತುಂಬಿದ ಮನೆಗಾಡಿಗೆ ಏರುವುದಕ್ಕಿಂತ ಇಳಿಯುವುದೇ ಅಪಾಯ. ಯಾವ ಗೇರಿನಲ್ಲಿ ಆ ಘಟ್ಟವನ್ನು ಏರಬೇಕಾಗುತ್ತದೆಯೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಲಾರಿ ಚಾಲಕರ ಸೂತ್ರ. ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯಲಿ. ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ತಾನಾಗಿ ಆರಲು ಬಿಡಿ, ನೀರು ಸುರಿಯಬೇಡಿ. ಕಿರಿದಾದ ಘಟ್ಟದಲ್ಲಿ ಏರಿ ಬರುವ ವಾಹನಕ್ಕೆ ಮೊದಲ ಹಕ್ಕು. ಇಳಿಯುವವರು ನಿಂತು ದಾರಿ ಕೊಡಬೇಕು. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಮೊದಲಾದ ಘಟ್ಟಗಳಲ್ಲಿ ಜಿಲ್ಲಾಡಳಿತವು ಭಾರಿ ವಾಹನಗಳನ್ನು ನಿರ್ಬಂಧಿಸುವುದು ವಾಡಿಕೆ. ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ ತಿಂಗಳಿನಲ್ಲಿ ಇ-ಪಾಸ್ ವ್ಯವಸ್ಥೆ ಬಂದಿತು. ಇವನ್ನೆಲ್ಲ ಹೊರಡುವ ಹಿಂದಿನ ದಿನವೇ ವಿಚಾರಿಸಿಕೊಳ್ಳಿ, ಘಟ್ಟದ ಬುಡದಲ್ಲಿ ನಿಂತಲ್ಲ.

ಗಾಡಿ ಚಲಿಸುತ್ತಿರುವಾಗ ಅದು ಮನೆಯಲ್ಲ, ಬರಿಯ ವಾಹನ. ಹಾಸಿಗೆಯಿದೆಯೆಂದು ಮಕ್ಕಳನ್ನು ಮಲಗಿಸುವುದು, ಒಲೆಯಿದೆಯೆಂದು ಹಾಲು ಕಾಯಿಸುವುದು ಎರಡೂ ಕೂಡದು. ಗಂಟೆಗೆ 60 ಕಿಲೋಮೀಟರೆಂದರೆ ಸೆಕೆಂಡಿಗೆ 16 ಮೀಟರಿಗಿಂತಲೂ ಹೆಚ್ಚು. ಚಾಲಕ ಥಟ್ಟನೆ ಬ್ರೇಕು ಹಾಕಿದರೆ ಗಾಡಿ ನಿಂತರೂ ಕಟ್ಟೆಯ ಮೇಲಿನ ಕುಕ್ಕರು ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಮಗುವಿಗೂ ಇದೇ ನಿಯಮ. ಎಲ್ಲರೂ ಆಸನದಲ್ಲಿ ಕುಳಿತು ಬೆಲ್ಟು ಕಟ್ಟಿಕೊಳ್ಳಬೇಕು. ಎಷ್ಟು ಬೆಲ್ಟುಗಳಿವೆಯೋ ಅಷ್ಟೇ ಜನ ಹೊರಡಬೇಕು. ದಾರಿಯ ಹಸಿವಿಗೆ ಮನೆಯಿಂದ ಕಟ್ಟಿ ತಂದ ಚಪಾತಿ, ಪುಳಿಯೋಗರೆಗಳೇ ಸಾಕು.

ನೀರಿನ ವಿಷಯದಲ್ಲಿ ಜಾತಕದ ಯಕ್ಷನನ್ನು ನೆನೆಯಿರಿ. ನಗರಗಳ ನೀರಿನ ಸರಬರಾಜನ್ನು ತಲೆಗೆ ದಿನಕ್ಕೆ 135 ಲೀಟರಿನಂತೆ ಲೆಕ್ಕ ಹಾಕುತ್ತಾರೆ. ನಮ್ಮ ಮನೆಗಾಡಿಯ 150 ಲೀಟರನ್ನು ಆರು ಮಂದಿಗೆ ಹಂಚಿದರೆ ತಲೆಗೆ 25 ಲೀಟರು. ಅದೂ ಒಂದೇ ದಿನಕ್ಕೆ. ಆದುದರಿಂದ ತಂಬಿಗೆಯಲ್ಲಿ ಅಳೆದು ಬಳಸುವ ಅಜ್ಜಿಯ ಪದ್ಧತಿಯೇ ಇಲ್ಲಿ ಶ್ರೇಷ್ಠ. ಕುಡಿಯುವ ನೀರು ಬೇರೆಯ ಕ್ಯಾನಿನಲ್ಲಿರಲಿ. ತೊಟ್ಟಿಯ ನೀರು ತೊಳೆಯುವುದಕ್ಕೆ ಮಾತ್ರ. ‘ಮುಂದೆ ಸಿಗುತ್ತದೆ’ ಎಂಬ ಮಾತನ್ನು ನಂಬದೆ, ಒಳ್ಳೆಯ ನೀರು ಕಂಡಲ್ಲಿಯೇ ತುಂಬಿಸಿಕೊಳ್ಳಬೇಕು. ಒಳಗೆ ಬಂದ ನೀರು ಹೊರಗೂ ಹೋಗಬೇಕಷ್ಟೆ. ಶೌಚದ ತೊಟ್ಟಿಯನ್ನು ಹಳ್ಳಕ್ಕೋ ರಸ್ತೆಯ ಬದಿಗೋ ಬರಿದು ಮಾಡುವುದು ಮಹಾಪರಾಧ. ಆ ಹಳ್ಳದ ಕೆಳಗೆ ಯಾರದೋ ಬಾವಿಯಿದೆ. ತಂಗುವ ಜಾಗದವರನ್ನು ಮೊದಲೇ ಕೇಳಿ, ಒಪ್ಪಿಗೆ ಪಡೆದು, ಸೆಪ್ಟಿಕ್ ಟ್ಯಾಂಕ್ ಅಥವಾ ಒಳಚರಂಡಿಗೆ ಸೇರುವ ಶೌಚಗೃಹದಲ್ಲಿಯೇ ಸುರಿಯತಕ್ಕದ್ದು. ‘ಎಸೆಯುವುದು ಎಲ್ಲಿ?’ ಎಂಬ ಪ್ರಶ್ನೆಗೆ ಉತ್ತರ ಸಿಗದ ಊರಿನಲ್ಲಿ ರಾತ್ರಿ ಕಳೆಯಬೇಡಿ.

ವಿದ್ಯುತ್ತಿನ ಲೆಕ್ಕವೂ ಹೀಗೆಯೇ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯೊಂದರಲ್ಲಿ ಹಿಡಿಯುವುದು ಹೆಚ್ಚೆಂದರೆ 1.8 ಯೂನಿಟ್ಟು. ದೀಪ, ಫ್ಯಾನುಗಳಿಗೆ ಇದು ಧಾರಾಳ. 1000 ವಾಟ್ ಸೆಳೆಯುವ ಎಸಿ ಇದನ್ನು ಎರಡು ಗಂಟೆಯೊಳಗೆ ನುಂಗಿಬಿಡುತ್ತದೆ. ಆಗ ಕೈ ಜನರೇಟರಿನ ಕಡೆಗೆ ಹೋಗುತ್ತದೆ. ಈ ಲೇಖನದಲ್ಲಿ ಬೇರೆಲ್ಲವನ್ನು ಮರೆತರೂ ಈ ಒಂದು ಭಾಗವನ್ನು ಮಾತ್ರ ವಾಚಕರು ಮರೆಯಬಾರದೆಂದು ಬೇಡುತ್ತೇನೆ.

2024ರ ಡಿಸೆಂಬರ್ ತಿಂಗಳಲ್ಲಿ ಕೇರಳದ ವಡಕರದಲ್ಲಿ ಹೆದ್ದಾರಿಯ ಬದಿಗೆ ನಿಂತಿದ್ದ ಕ್ಯಾರವಾನೊಂದರಲ್ಲಿ ಇಬ್ಬರು ಶವವಾಗಿ ದೊರೆತರು. ಕಳ್ಳರು ಬಂದಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ, ಡಿಕ್ಕಿಯಾಗಿರಲಿಲ್ಲ. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಒಳಗೆ ಸೇರಿತ್ತೆಂದು ತನಿಖೆಯಿಂದ ತಿಳಿಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಇದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ. ದಾರಿಯ ಆಯಾಸವೆಂದುಕೊಂಡು ಮಲಗುತ್ತಾರೆ. ನಿದ್ರೆಯಲ್ಲಿದ್ದವರಿಗೆ ಆ ಸೂಚನೆಯೂ ತಿಳಿಯುವುದಿಲ್ಲ. ಆದುದರಿಂದ ಯಾರಾದರೂ ಒಳಗೆ ಮಲಗಿರುವಾಗ ಜನರೇಟರಾಗಲಿ ಗಾಡಿಯ ಎಂಜಿನ್ನಾಗಲಿ ಓಡುತ್ತಿರಕೂಡದು. ಮಡಿಕೇರಿಯ ಚಳಿಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗಿಡಕೂಡದು, ಅನಿಲದ ಒಲೆಯನ್ನು ಉರಿಸಿ ಕೊಠಡಿಯನ್ನು ಬೆಚ್ಚಗೆ ಮಾಡಲೂಕೂಡದು. ಕಾರ್ಬನ್ ಮಾನಾಕ್ಸೈಡನ್ನು ಕಂಡೊಡನೆ ಕಿರುಚುವ ಎಚ್ಚರಿಕೆಯ ಯಂತ್ರ ಅಂಗಡಿಯಲ್ಲಿ ಸಿಗುತ್ತದೆ. ಬಾಡಿಗೆಯ ಗಾಡಿಯಲ್ಲಿ ಅದಿಲ್ಲದಿದ್ದರೆ ನೀವೇ ಕೊಂಡು ತನ್ನಿ. ಹೊರಡುವ ಮುನ್ನ ಗುಂಡಿಯನ್ನೊತ್ತಿ ಪರೀಕ್ಷಿಸಿ. ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು ಬಂದರೆ ಕಾರಣ ಹುಡುಕುತ್ತ ಕೂಡಬೇಡಿ. ಎಲ್ಲರೂ ಹೊರಗಿನ ಗಾಳಿಗೆ ಬಂದು ವೈದ್ಯರ ನೆರವನ್ನು ಪಡೆಯಿರಿ.

ಅಡುಗೆಯ ಅನಿಲದ ಸ್ವಭಾವ ಬೇರೆ. ಇದಕ್ಕೆ ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ. ಇದು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಗಾಡಿಯ ನೆಲದಲ್ಲಿರುವ ಗಾಳಿಕಂಡಿಗಳು ಇದಕ್ಕಾಗಿಯೇ ಇವೆ. ಧೂಳು ಬರುತ್ತದೆಂದು ಅವುಗಳ ಮೇಲೆ ಚಾಪೆ ಹಾಸಬಾರದು. ಸಿಲಿಂಡರು ನೆಟ್ಟಗೆ ನಿಂತು, ಅಲುಗದಂತೆ ಬಿಗಿದಿರಲಿ. ಗಾಡಿ ಹೊರಟಾಗಲೂ ಮಲಗುವಾಗಲೂ ರೆಗ್ಯುಲೇಟರು ಮುಚ್ಚಿರಲಿ. ಬೆಂಕಿ ಆರಿಸುವ ಉಪಕರಣ ಬಾಗಿಲಿನ ಹತ್ತಿರವಿರಲಿ. ಬಾಗಿಲಿನಿಂದ ಹೊರಬರಲಾಗದಿದ್ದರೆ ಯಾವ ಕಿಟಕಿಯಿಂದ ಬರಬೇಕೆಂಬುದು ಮಕ್ಕಳಿಗೂ ತಿಳಿದಿರಲಿ.

ಕೊನೆಯದಾಗಿ ತಂಗುವ ಜಾಗ. ಎಲ್ಲಿ ಬೇಕಾದರೂ ನಿಲ್ಲಬಹುದೆಂಬುದೇ ಮನೆಗಾಡಿಯ ಆಕರ್ಷಣೆ. ಎಲ್ಲಿ ಬೇಕಾದರೂ ನಿಲ್ಲಬಾರದೆಂಬುದೇ ಅದರ ಪಾಠ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದು ಲಾರಿಗಳವರು ನಿಂತು ಚಹ ಕುಡಿದು ದಣಿವಾರಿಸಿಕೊಳ್ಳುತ್ತಿದ್ದ ಜಾಗ. ಅಲ್ಲಿಂದ ಗಂಗಾವಳಿ ನದಿಯ ಪಾಲಾದ ಲಾರಿಯೊಂದನ್ನು ನೀರಿನ ತಳದಿಂದ ಎತ್ತಿದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರಿನಲ್ಲಿ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ, ಎಷ್ಟೇ ಅಗಲವಾದ ಜಾಗವಿರಲಿ, ನಿಲ್ಲಬೇಡಿ. ಅಣೆಕಟ್ಟಿನ ಕೆಳಗಣ ಹೊಳೆಯ ದಂಡೆ ಬೇಡ. ಮೇಲೆ ಬಾಗಿಲು ತೆರೆದರೆ ಬಿಸಿಲಿನಲ್ಲಿಯೂ ನೆರೆ ಬರುತ್ತದೆ. ಕಡಲ ಮರಳಿನ ಮೇಲೆ ಬೇಡ. ದಿನಕ್ಕೆರಡು ಸಲ ಉಬ್ಬರ ಬರುತ್ತದೆ, ಹಸಿ ಮರಳಿನಲ್ಲಿ ಚಕ್ರ ಹೂಳುತ್ತದೆ. ತೆಂಗಿನ ಮರದ ಕೆಳಗೆ ಏಕೆ ಬೇಡವೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಕಾಡಿನ ದಾರಿಯಲ್ಲಂತೂ ಚಕ್ರ ನಿಲ್ಲಲೇಕೂಡದು. ಗುಂಡ್ಲುಪೇಟೆಯಿಂದ ಬಂಡೀಪುರದ ನಡುವೆ ಸಾಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. ಆ ಹೊತ್ತು ರಸ್ತೆ ಪ್ರಾಣಿಗಳದು. ಎಂಟೂಮುಕ್ಕಾಲಿಗೆ ತನಿಖಾಠಾಣೆಯತ್ತ ಓಡಿಸುವುದಕ್ಕಿಂತ ಸಂಜೆಯೇ ಗುಂಡ್ಲುಪೇಟೆಯಲ್ಲಿ ತಂಗುವುದು ವಿವೇಕ.

ಹಾಗಾದರೆ ನಿಲ್ಲುವುದೆಲ್ಲಿ? ಅನುಮತಿ ಕೊಟ್ಟ ಹೋಟೆಲಿನ ಅಂಗಳ, ಕಾಫಿತೋಟದ ವಸತಿಗೃಹದ ಹಿತ್ತಲು, ದೇವಸ್ಥಾನದ ಛತ್ರದ ಬಯಲು, ದೀಪವೂ ಕಾವಲೂ ಇರುವ ಪೆಟ್ರೋಲ್ ಬಂಕು. ಜಾಗದವರನ್ನು ಕೇಳಿ, ಸಲ್ಲಬೇಕಾದುದನ್ನು ಸಲ್ಲಿಸಿ ನಿಲ್ಲಿರಿ. ನೆಲ ಸಮವಾಗಿರಲಿ, ಚಕ್ರಕ್ಕೆ ಮರದ ದಿಮ್ಮಿ ಕೊಟ್ಟಿರಲಿ. ಗಾಡಿಯ ಮುಖ ರಸ್ತೆಯ ಕಡೆಗಿರಲಿ. ಅವಸರದಲ್ಲಿ ಹೊರಡಬೇಕಾದರೆ ಹಿಂದಕ್ಕೆ ತೆಗೆಯುವ ಕಷ್ಟವಿರುವುದಿಲ್ಲ. ಹೊತ್ತು ಮುಳುಗುವುದಕ್ಕೆ ಎರಡು ಗಂಟೆ ಮುಂಚೆಯೇ ತಲುಪಿದರೆ ಜಾಗ ಹಿಡಿಸದಿದ್ದರೂ ಬೇರೆಡೆಗೆ ಹೋಗುವ ಅವಕಾಶವಿರುತ್ತದೆ. ಇದಕ್ಕಾಗಿ ದಿನಕ್ಕೆ 200 ಕಿಲೋಮೀಟರಿಗಿಂತ ಹೆಚ್ಚಿನ ದಾರಿಯನ್ನು ಯೋಜಿಸಬೇಡಿ. ಪೊಲೀಸರ ನೆರವಿಗೆ 112, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033 ಎಂಬ ಸಂಖ್ಯೆಗಳನ್ನು ಬಾಗಿಲಿನ ಮೇಲೆ ಬರೆದಿಡಿ.

ಕಾಗದಪತ್ರಗಳ ಬಗ್ಗೆ ಒಂದೆರಡು ಮಾತು. ನೀವೇ ನಡೆಸಲು ಬಾಡಿಗೆಗೆ ಕೊಡುವ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರಬೇಕು. ಸ್ವಂತ ವಾಹನದ ಬಿಳಿ ಫಲಕವನ್ನು ಹೊತ್ತು ಬಾಡಿಗೆಗೆ ಬಂದ ಗಾಡಿಯನ್ನು ಅಗ್ಗವೆಂದು ಒಪ್ಪಿಕೊಳ್ಳಬೇಡಿ. ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಯೇ ಅದು. ಹಳೆಯ ವ್ಯಾನೊಂದನ್ನು ಕೊಂಡು ಗ್ಯಾರೇಜಿನಲ್ಲಿ ಮನೆಗಾಡಿಯಾಗಿ ಮಾರ್ಪಡಿಸುವ ಉತ್ಸಾಹವಿದ್ದವರು ಮೊದಲು ಆರ್.ಟಿ.ಓ. ಕಚೇರಿಗೆ ಹೋಗಬೇಕು. ನೋಂದಣಿಯಾದ ರೂಪವನ್ನು ಅನುಮತಿಯಿಲ್ಲದೆ ಬದಲಿಸಲು 1988ರ ಮೋಟಾರು ವಾಹನಗಳ ಕಾಯ್ದೆ ಅವಕಾಶ ಕೊಡುವುದಿಲ್ಲ.

‘ಇಷ್ಟು ಭಯಪಟ್ಟು ಹೋಗುವುದಕ್ಕಿಂತ ಮನೆಯಲ್ಲಿರುವುದೇ ಲೇಸು’ ಎಂದು ಕೆಲವರು ಅನ್ನಬಹುದು. ಭಯಕ್ಕೂ ಎಚ್ಚರಕ್ಕೂ ಬಹಳ ಅಂತರವಿದೆ. ಭಯಪಟ್ಟವನು ಮರುಭೂಮಿಗೆ ಇಳಿಯುವುದೇ ಇಲ್ಲ. ಎಚ್ಚರವುಳ್ಳವನು ನೀರಿನ ಕೊಡವನ್ನು ಕಾಪಾಡಿಕೊಂಡು ದಾಟುತ್ತಾನೆ. ಕಡಲ ಮೇಲಣ ಬೆಳಗಿನ ಗಾಳಿಯಲ್ಲಿ, ತನ್ನದೇ ಒಲೆಯ ಮೇಲೆ ಕಾದ ಕಾಫಿಯನ್ನು ಹೀರುತ್ತ, ಹಾಸಿಗೆಯಿಂದ ಈಗಷ್ಟೇ ಎದ್ದ ಮಕ್ಕಳ ಕಲರವವನ್ನು ಕೇಳುವ ಸುಖ ಸಣ್ಣದೇನಲ್ಲ. ಅದಕ್ಕೆ ತಕ್ಕ ಬೆಲೆಯನ್ನು ಲೆಕ್ಕದಲ್ಲಿಯೂ ಪರೀಕ್ಷೆಯಲ್ಲಿಯೂ ತೆರಬೇಕು, ಅಷ್ಟೆ.

ಮೊದಲ ಬಾರಿಗೆ ಹೊರಡುವವರಿಗೆ ಇನ್ನೊಂದು ಸಲಹೆ. ಸಾಧ್ಯವಾದರೆ ಗಾಡಿಯನ್ನು ಒಂದು ದಿನ ಮುಂಚಿತವಾಗಿ ತಂದು, ಮೊದಲ ರಾತ್ರಿಯನ್ನು ನಿಮ್ಮ ಮನೆಯ ಮುಂದೆಯೇ ಅದರಲ್ಲಿ ಕಳೆಯಿರಿ. ಅಡುಗೆ ಮಾಡಿ, ಸ್ನಾನ ಮಾಡಿ, ದೀಪವಾರಿಸಿ ಮಲಗಿ. ಯಾವ ನಲ್ಲಿ ಸೋರುತ್ತದೆ, ಯಾವ ಬಾಗಿಲು ಮುಚ್ಚುವುದಿಲ್ಲ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಎಚ್ಚರಿಕೆಯ ಯಂತ್ರ ಕೂಗುತ್ತದೆಯೇ ಎಂಬುದೆಲ್ಲ ಬೆಳಗಾಗುವುದರೊಳಗೆ ತಿಳಿದುಹೋಗುತ್ತದೆ. ನೆರೆಯವರು ನಕ್ಕರೆ ನಗಲಿ. ಮರೆತದ್ದು ಏನಿದ್ದರೂ ಹತ್ತು ಹೆಜ್ಜೆ ನಡೆದು ತರಬಹುದು. ಬೇಡದ ಒರಳುಕಲ್ಲನ್ನೂ ಹತ್ತೇ ಹೆಜ್ಜೆಯಲ್ಲಿ ಹಿಂದಕ್ಕೆ ಇಟ್ಟುಬರಬಹುದು.